ನೀರಿನ ಹುಳಿಯೂ ಅಣುಗಳ ಆಕಾರವೂ

ಕಾದ ಹಾಲಿಗೆ ನಿಂಬೆಯ ರಸದ ನಾಲ್ಕು ಹನಿಗಳು ಬಿದ್ದರೆ ಹಾಲು ಒಡೆದುಹೋಗುವುದೆಂಬುದನ್ನು ಅರಿಯದ ಗೃಹಿಣಿಯು ನಮ್ಮ ನಾಡಿನಲ್ಲಿ ಇರಲಾರಳು. ಶುಭಕಾರ್ಯಗಳಲ್ಲಿ ಆರತಿಯ ನೀರಿಗೆ ಅರಿಶಿನವನ್ನೂ ಸುಣ್ಣವನ್ನೂ ಕೂಡಿಸಿ ಕೆಂಪು ಬಣ್ಣ ಬರಿಸುವುದೂ ಎಲ್ಲರೂ ಕಂಡ ಸಂಗತಿಯೇ. ಆ ಕೆಂಪು ನೀರಿಗೆ ನಿಂಬೆಯ ಹುಳಿಯನ್ನು ಹಿಂಡಿದರೆ ಅದು ಮರಳಿ ಹಳದಿಯಾಗುವುದನ್ನು ಮಾತ್ರ ಕಂಡವರು ಕಡಿಮೆ. ಇವೆರಡೂ ಒಂದೇ ಶಕ್ತಿಯ ಲೀಲೆಗಳು. ಹುಳಿಯೆಂಬುದು ನಾಲಗೆಗೆ ತಿಳಿಯುವ ಷಡ್ರಸಗಳಲ್ಲಿ ಒಂದು ಮಾತ್ರವಲ್ಲ; ಪದಾರ್ಥಗಳ ಅತಿಸೂಕ್ಷ್ಮವಾದ ಅಣುಗಳನ್ನು ಒಂದು ಭಂಗಿಯಿಂದ ಮತ್ತೊಂದು ಭಂಗಿಗೆ ತಿರುಗಿಸಬಲ್ಲ ಸಾಮರ್ಥ್ಯವು ಅದಕ್ಕುಂಟು. ಈ ಸಾಮರ್ಥ್ಯವು ನೀರಿನಲ್ಲಿ ಕರಗಿರುವ ಪೆಪ್ಟೈಡುಗಳೆಂಬ ಪುಟ್ಟ ಅಣುಸರಗಳ ಮೇಲೆ ಹೇಗೆ ನಡೆಯುವುದೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ. ವಿಷಯವು ದೂರದ ಪ್ರಯೋಗಶಾಲೆಗಳದೆಂದು ವಾಚಕರು ಪುಟವನ್ನು ಮಗುಚದಿರಲಿ. ನಾವು ಉಂಡ ಅನ್ನದ ಪಚನ, ನಮ್ಮನ್ನು ಕಾಡುವ ಜ್ವರ, ಮನೆಯ ಹಿರಿಯರು ದಿನವೂ ಚುಚ್ಚಿಕೊಳ್ಳುವ ಔಷಧ, ಈ ಮೂರಕ್ಕೂ ಇದು ನೇರವಾಗಿ ಸಂಬಂಧಪಟ್ಟದ್ದು.

ಪೆಪ್ಟೈಡೆಂದರೇನು?

ಬೇಳೆ, ಹಾಲು, ಮೊಟ್ಟೆ, ಮಾಂಸ ಇವುಗಳಲ್ಲಿರುವ ಪ್ರೋಟೀನೆಂಬ ಪೌಷ್ಟಿಕಾಂಶವನ್ನು ಎಲ್ಲರೂ ಕೇಳಿಬಲ್ಲರು. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಒಂದರ ಹಿಂದೊಂದರಂತೆ ಪೋಣಿಸಿದ ನೀಳವಾದ ಸರವೇ ಪ್ರೋಟೀನು. ಈ ಮಣಿಗಳಲ್ಲಿ ಮುಖ್ಯವಾದವು 20 ಬಗೆ. ನೂರಾರು ಮಣಿಗಳಿದ್ದರೆ ಪ್ರೋಟೀನೆಂದೂ, ಎರಡರಿಂದ ಸುಮಾರು ಐವತ್ತರವರೆಗೆ ಇದ್ದರೆ ಪೆಪ್ಟೈಡೆಂದೂ ಸಾಮಾನ್ಯವಾಗಿ ವ್ಯವಹಾರ. ಪ್ರೋಟೀನು ಒಂದು ಗ್ರಂಥವಾದರೆ ಪೆಪ್ಟೈಡು ಒಂದು ಪದ ಅಥವಾ ಒಂದು ಸಣ್ಣ ವಾಕ್ಯ. ಜರ್ಮನಿಯ ಎಮಿಲ್ ಫಿಷರ್ ಎಂಬ ಮಹಾ ರಸಾಯನಶಾಸ್ತ್ರಜ್ಞರು 1901ರಲ್ಲಿ ಗ್ಲೈಸೀನೆಂಬ ಅತಿ ಸರಳವಾದ ಮಣಿಗಳೆರಡನ್ನು ಜೋಡಿಸಿದರು. 1907ರ ಹೊತ್ತಿಗೆ ಹದಿನೆಂಟು ಮಣಿಗಳ ಸರವನ್ನೇ ಕಟ್ಟಿ ತೋರಿಸಿದರು. ಪೆಪ್ಟೈಡೆಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ಈ ಹೆಸರಿನ ಮೂಲವು ಜೀರ್ಣವಾದದ್ದು, ಬೆಂದದ್ದು ಎಂಬರ್ಥದ ಗ್ರೀಕ್ ಶಬ್ದ. ಆ ಶಬ್ದವೂ ನಮ್ಮ ಸಂಸ್ಕೃತದ 'ಪಚ್' ಧಾತುವೂ ಒಂದೇ ಬೇರಿನಿಂದ ಹುಟ್ಟಿದವೆಂದು ಭಾಷಾಶಾಸ್ತ್ರವು ಹೇಳುವುದು. ಪಾಕ, ಪಕ್ವ, ಪಚನ ಎಂದು ನಾವಾಡುವಾಗಲೆಲ್ಲ ಪೆಪ್ಟೈಡಿನ ದಾಯಾದಿಗಳನ್ನೇ ಕರೆಯುತ್ತಿರುವೆವೆಂದು ತಿಳಿದರೆ ಈ ಪರಕೀಯ ನಾಮವು ಅಷ್ಟೇನೂ ಪರಕೀಯವಾಗಿ ತೋರಲಾರದು.

ಈ ಸರವು ನೀರಿನಲ್ಲಿ ಹೇಗೆ ಬೇಕಾದರೂ ಬಳುಕಬಲ್ಲುದೆ? ಇಲ್ಲ. ಪ್ರತಿಯೊಂದು ಮಣಿಯ ಬಳಿಯಲ್ಲಿಯೂ ತಿರುಗಬಲ್ಲ ಕೀಲುಗಳು ಎರಡೇ. ಅವೂ ಕೆಲವು ಕೋನಗಳಲ್ಲಿ ಮಾತ್ರ ನಿಲ್ಲಬಲ್ಲವು. ಇತರ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ತಾಗಿ ಇಕ್ಕಟ್ಟಾಗುವುದು. ಯಾವ ಕೋನಗಳು ಸಾಧ್ಯ, ಯಾವುವು ಅಸಾಧ್ಯ ಎಂಬುದನ್ನು ಒಂದು ನಕ್ಷೆಯಲ್ಲಿ ಬರೆದು 1963ರಲ್ಲಿ ಲೋಕಕ್ಕೆ ಕೊಟ್ಟವರು ಮದರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯರಾಗಿ ಕಲಿತ ಅವರು 1970ರ ದಶಕದಲ್ಲಿ ಅಲ್ಲಿಗೇ ಮರಳಿ ಪ್ರಾಧ್ಯಾಪಕರಾಗಿದ್ದರೆಂಬುದು ಕನ್ನಡ ನಾಡಿಗೆ ಹೆಮ್ಮೆಯ ವಿಷಯ. ಜಗತ್ತಿನ ಎಲ್ಲೆಡೆಯಲ್ಲಿಯೂ ಈ ಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ರಾಮಚಂದ್ರನ್ ನಕ್ಷೆಯಿಂದಲೇ ಪಾಠವನ್ನು ಆರಂಭಿಸುವರು.

ಸಾಧ್ಯವಾದ ಭಂಗಿಗಳಲ್ಲಿ ಅತಿ ಸುಂದರವಾದದ್ದು ಸುರುಳಿ. ಹೀರೆಬಳ್ಳಿಯ ಕುಡಿಯು ಕಡ್ಡಿಗೆ ಸುತ್ತಿಕೊಳ್ಳುವಂತೆ ಸರವು ತನ್ನನ್ನೇ ತಾನು ಸುತ್ತಿಕೊಂಡು, ಪ್ರತಿಯೊಂದು ಸುತ್ತಿಗೂ 3.6 ಮಣಿಗಳಂತೆ, ಸಾಮಾನ್ಯ ತಿರುಪುಮೊಳೆಯ ಕ್ರಮದಲ್ಲಿ ಬಲಕ್ಕೆ ತಿರುಗುತ್ತ ನಿಲ್ಲುವುದು. ಒಂದನೆಯ ಮಣಿಯು ಐದನೆಯದನ್ನು, ಎರಡನೆಯದು ಆರನೆಯದನ್ನು ಜಲಜನಕದ ತೆಳುವಾದ ಬಂಧನದಿಂದ ಹಿಡಿದುಕೊಂಡಿರುವುದು. ಇದನ್ನು 1951ರಲ್ಲಿ ನಿರೂಪಿಸಿದವರು ಅಮೆರಿಕದ ಲೈನಸ್ ಪೌಲಿಂಗ್ ಮತ್ತು ಅವರ ಸಂಗಡಿಗರು. ಪುಟ್ಟ ಪೆಪ್ಟೈಡುಗಳಿಗಾದರೋ ಈ ಸುರುಳಿಯಲ್ಲಿ ಸ್ಥಿರವಾಗಿ ನಿಲ್ಲುವ ಶಕ್ತಿ ಕಡಿಮೆ. ನೀರಿನ ಅಣುಗಳು ನಾಲ್ಕೂ ಕಡೆಯಿಂದ ಎಳೆಯುತ್ತಿರಲು ಅವು ಒಂದು ಕ್ಷಣ ಸುರುಳಿಯಾಗಿ, ಮರುಕ್ಷಣ ಬಿಚ್ಚಿಕೊಂಡು, ಅವ್ಯವಸ್ಥಿತವಾದ ದಾರದಂತೆ ತೇಲುವುವು. ಆದುದರಿಂದ ಪೆಪ್ಟೈಡಿನ ಆಕಾರವೆಂದಾಗ ಶಿಲಾಮೂರ್ತಿಯ ಆಕಾರವನ್ನು ಭಾವಿಸಬಾರದು. ಕೋಟ್ಯಂತರ ಅಣುಗಳಲ್ಲಿ ಯಾವ ಪಾಲು ಯಾವ ಭಂಗಿಯಲ್ಲಿ ಎಷ್ಟು ಹೊತ್ತು ಇರುವುದೆಂಬ ಲೆಕ್ಕವೇ ಇಲ್ಲಿ ಆಕಾರ. ಈ ಲೆಕ್ಕವನ್ನು ಹುಳಿಯು ಏರುಪೇರು ಮಾಡುವುದು.

ಹುಳಿಯ ಅಳತೆ

ನೀರಿನಲ್ಲಿ ಬಿಡಿಯಾಗಿ ಓಡಾಡುವ, ಧನವಿದ್ಯುತ್ತನ್ನು ಹೊತ್ತ ಜಲಜನಕದ ಕಣಗಳ ಸಂಖ್ಯೆಯೇ ಹುಳಿಯ ಮೂಲ. ಅವು ಹೆಚ್ಚಿದ್ದರೆ ಆಮ್ಲ, ಕಡಿಮೆಯಿದ್ದರೆ ಕ್ಷಾರ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿದ್ದ ಸೊರೆನ್ಸೆನ್ ಎಂಬವರು 1909ರಲ್ಲಿ ಇದಕ್ಕೆ ಪಿ.ಎಚ್. ಎಂಬ ಅಳತೆಯನ್ನು ಏರ್ಪಡಿಸಿದರು. ಶುದ್ಧ ನೀರಿಗೆ 7. ಅದಕ್ಕಿಂತ ಕೆಳಗಿನದು ಆಮ್ಲ, ಮೇಲಿನದು ಕ್ಷಾರ. ನಿಂಬೆರಸವು ಸುಮಾರು 2ರ ಬಳಿ, ಮೊಸರು ಸುಮಾರು 4.5ರ ಬಳಿ, ಹಾಲು 6.6ರ ಬಳಿ, ನಮ್ಮ ರಕ್ತವು 7.35ರಿಂದ 7.45ರ ನಡುವೆ ಇರುವುವು. ಈ ಅಳತೆಯ ಒಂದೊಂದು ಮೆಟ್ಟಿಲು ಹತ್ತುಪಟ್ಟಿನದೆಂಬುದನ್ನು ಮರೆಯಬಾರದು. ಶುದ್ಧ ನೀರಿನಲ್ಲಿ ಸುಮಾರು 55 ಕೋಟಿ ನೀರಿನ ಅಣುಗಳಿಗೆ ಇಂತಹ ಒಂದು ಬಿಡಿ ಕಣ, ಪಿ.ಎಚ್. 5ಕ್ಕಿಳಿದರೆ 55 ಲಕ್ಷಕ್ಕೆ ಒಂದು. 2ಕ್ಕಿಳಿದರೆ ಐದೂವರೆ ಸಾವಿರಕ್ಕೆ ಒಂದು. ಇಷ್ಟು ವಿರಳವಾದ ಕಣಗಳು ಅಷ್ಟು ದೊಡ್ಡ ಕಾರ್ಯವನ್ನು ಸಾಧಿಸುವುದೇ ಆಶ್ಚರ್ಯ.

ಸಾಧಿಸುವ ಬಗೆ ಹೀಗೆ. ಇಪ್ಪತ್ತು ಮಣಿಗಳಲ್ಲಿ ಕೆಲವಕ್ಕೆ ವಿದ್ಯುತ್ತನ್ನು ಹೊರುವ ಕೈಗಳುಂಟು. ಗ್ಲುಟಾಮಿಕ್ ಮತ್ತು ಆಸ್ಪಾರ್ಟಿಕ್ ಆಮ್ಲಗಳ ಕೈಗಳಲ್ಲಿ ಸಾಧಾರಣ ನೀರಿನಲ್ಲಿ ಋಣವಿದ್ಯುತ್ತಿರುವುದು. ಲೈಸೀನು, ಆರ್ಜಿನೀನುಗಳ ಕೈಗಳಲ್ಲಿ ಧನವಿದ್ಯುತ್ತಿರುವುದು. ನೀರಿಗೆ ಹುಳಿಯನ್ನು ಸೇರಿಸುತ್ತ ಹೋದರೆ ಪಿ.ಎಚ್. ಸುಮಾರು 4ರ ಬಳಿ ಗ್ಲುಟಾಮಿಕ್ ಆಮ್ಲದ ಕೈಗಳಲ್ಲಿ ಅರ್ಧದಷ್ಟು ಒಂದೊಂದು ಜಲಜನಕದ ಕಣವನ್ನು ಹಿಡಿದುಕೊಂಡು ತಮ್ಮ ಋಣವನ್ನು ತೀರಿಸಿಕೊಳ್ಳುವುವು. ಹಿಸ್ಟಿಡೀನೆಂಬ ಮಣಿಯು ಮಧ್ಯಸ್ಥನಂತೆ. ಅದರ ಗಡಿ 6ರಿಂದ 6.5ರ ಆಸುಪಾಸು. ಅದಕ್ಕಿಂತ ಹುಳಿಯಾದ ನೀರಿನಲ್ಲಿ ಅದು ಧನವಿದ್ಯುತ್ತನ್ನು ಹೊರುವುದು, ಕ್ಷಾರದ ಕಡೆಗೆ ಹೋದಂತೆ ಬಿಟ್ಟುಕೊಡುವುದು. ಲೈಸೀನಿನ ಗಡಿ 10ಕ್ಕೂ ಮೇಲೆ. ಸಮಾನವಾದ ವಿದ್ಯುತ್ತುಗಳು ಒಂದನ್ನೊಂದು ನೂಕುವುವು, ಭಿನ್ನವಾದವು ಒಂದನ್ನೊಂದು ಸೆಳೆಯುವುವು. ಹುಳಿಯು ಯಾವ ಕೈಯಲ್ಲಿ ಯಾವ ವಿದ್ಯುತ್ತಿರಬೇಕೆಂದು ನಿರ್ಣಯಿಸುವುದು; ನೂಕು ಸೆಳೆತಗಳು ಸರದ ಭಂಗಿಯನ್ನು ನಿರ್ಣಯಿಸುವುವು.

ವ್ಯಾಕರಣವನ್ನು ಬಲ್ಲವರಿಗೆ ಇದು ಸಂಧಿಕಾರ್ಯದಂತೆ ತೋರೀತು. 'ವಾಕ್' ಎಂಬ ಶಬ್ದವು ತಾನಾಗಿ ಇದ್ದಾಗ ಕಕಾರಾಂತ. 'ಈಶ' ಎಂಬುದು ಮುಂದೆ ಬಂದರೆ ಅದೇ ಶಬ್ದವು 'ವಾಗೀಶ' ಎಂದು ಗಕಾರವನ್ನು ತಾಳುವುದು. ಶಬ್ದವು ಬೇರೆಯಾಗಲಿಲ್ಲ, ಅರ್ಥವು ಕೆಡಲಿಲ್ಲ. ನೆರೆಹೊರೆಯು ಬದಲಾದುದರಿಂದ ರೂಪವು ಬದಲಾಯಿತು. ಪೆಪ್ಟೈಡಿನಲ್ಲಿಯೂ ಮಣಿಗಳ ಅನುಕ್ರಮವು ಇದ್ದಂತೆಯೇ ಇರುವುದು, ಒಂದು ಮಣಿಯೂ ಕಳಚುವುದಿಲ್ಲ. ಸುತ್ತಲಿನ ನೀರು ಬದಲಾದುದರಿಂದ ರೂಪವು ಬದಲಾಗುವುದು.

ಹದಿಮೂರು ಮಣಿಗಳ ಕಥೆ

ಮೊದಲು ಒಂದು ಸರಳ ನಿದರ್ಶನ. ಗ್ಲುಟಾಮಿಕ್ ಆಮ್ಲವೊಂದನ್ನೇ ಉದ್ದವಾಗಿ ಪೋಣಿಸಿದ ಸರವನ್ನು 1950ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪಾಲ್ ಡೋಟಿ ಮೊದಲಾದವರು ಪರೀಕ್ಷಿಸಿದರು. ಪಿ.ಎಚ್. 7ರ ನೀರಿನಲ್ಲಿ ಇದರ ಕೈಗಳೆಲ್ಲ ಋಣವಿದ್ಯುತ್ತಿನವು. ಒಂದನ್ನೊಂದು ನೂಕುತ್ತ ಸರವು ಬಿಚ್ಚಿಕೊಂಡಿರುವುದು. ಹುಳಿಯನ್ನು ಹೆಚ್ಚಿಸಿ 5ಕ್ಕಿಂತ ಕೆಳಗೆ ತಂದರೆ ಋಣವು ತೀರಿ, ಕಲಹವು ಶಾಂತವಾಗಿ, ಸರವು ಸುರುಳಿಯಾಗಿ ಸುತ್ತಿಕೊಳ್ಳುವುದು. ಲೈಸೀನಿನ ಸರವು ಇದಕ್ಕೆ ತೀರ ವಿಪರೀತ. ಅದು ಸುರುಳಿಯಾಗಬೇಕಾದರೆ ನೀರು 10ಕ್ಕೂ ಮೀರಿ ಕ್ಷಾರವಾಗಬೇಕು.

ಆದರೆ ಒಂದೇ ಅಕ್ಷರವನ್ನು ನೂರು ಬಾರಿ ಬರೆದರೆ ಅದು ಪದವಾಗಲಾರದು. ಪ್ರಕೃತಿಯು ಬರೆದ ನಿಜವಾದ ಪದವೊಂದನ್ನು ನೋಡಬೇಕು. ದನದ ಮೇದೋಜೀರಕ ಗ್ರಂಥಿಯಲ್ಲಿ ರೈಬೋನ್ಯೂಕ್ಲಿಯೇಸ್ ಎಂಬ ಒಂದು ಪ್ರೋಟೀನುಂಟು. ಅದರ ಮೊದಲಿನ 13 ಮಣಿಗಳ ತುಂಡಿಗೆ ಸಿ-ಪೆಪ್ಟೈಡೆಂದು ಹೆಸರು. ಪೂರ್ಣ ಪ್ರೋಟೀನಿನಲ್ಲಿ ಈ ಭಾಗದ ಬಹುಪಾಲು ಸುರುಳಿಯಾಗಿರುವುದು. ಕತ್ತರಿಸಿ ಬೇರೆಮಾಡಿದ ಬಳಿಕವೂ ಅದು ತಣ್ಣನೆಯ ನೀರಿನಲ್ಲಿ ಸುರುಳಿಯ ನೆನಪನ್ನು ಅಷ್ಟಿಷ್ಟು ಉಳಿಸಿಕೊಂಡಿರುವುದೆಂದು 1971ರಲ್ಲಿ ಬ್ರೌನ್ ಮತ್ತು ಕ್ಲೀ ಎಂಬವರು ಕಂಡರು. ಅಷ್ಟು ಚಿಕ್ಕ ತುಂಡು ಬರಿಯ ನೀರಿನಲ್ಲಿ ಒಂದು ರೂಪವನ್ನು ತಾಳೀತೆಂದು ಆಗ ಹೆಚ್ಚಿನವರು ನಂಬಿರಲಿಲ್ಲ. ನಂತರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ಬಾಲ್ಡ್ವಿನ್ನರೂ ಅವರ ಶಿಷ್ಯರೂ ಇದನ್ನು ಕೈಗೆತ್ತಿಕೊಂಡು, ಹುಳಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಾಯಿಸುತ್ತ ಸುರುಳಿಯ ಪಾಲನ್ನು ಅಳೆದರು.

ಕಣ್ಣಿಗೆ ಕಾಣದ ಸುರುಳಿಯನ್ನು ಅಳೆಯುವುದೆಂತು ಎಂಬ ಶಂಕೆಯು ಸಹಜ. ಬೆಳಕನ್ನು ಎಡಕ್ಕೆ ತಿರುಗುವಂತೆಯೂ ಬಲಕ್ಕೆ ತಿರುಗುವಂತೆಯೂ ಮಾಡಿ ಕಳುಹಿಸಬಹುದು. ಸುರುಳಿಯು ಒಂದು ಕಡೆಗೆ ತಿರುಗಿರುವ ವಸ್ತುವಾದುದರಿಂದ ಈ ಎರಡು ಬೆಳಕುಗಳನ್ನೂ ಸಮನಾಗಿ ಹೀರದು. ಕಣ್ಣಿಗೆ ಗೋಚರವಾಗದ ಅತಿನೇರಳೆ ಬೆಳಕಿನಲ್ಲಿ ಈ ವ್ಯತ್ಯಾಸವನ್ನು ಅಳೆದರೆ ಸುರುಳಿಯ ಪಾಲು ಎಷ್ಟೆಂದು ತಿಳಿಯುವುದು.

ಹಾಗೆ ಅಳೆದಾಗ ಕಂಡದ್ದೇನು? ಸೊನ್ನೆ ಡಿಗ್ರಿಯ ಸಮೀಪದ ತಣ್ಣೀರಿನಲ್ಲಿ ಸುರುಳಿಯ ಪಾಲು ಪಿ.ಎಚ್. 5ರ ಬಳಿ ಗರಿಷ್ಠವಾಗಿದ್ದು, ಹುಳಿ ಹೆಚ್ಚಿದರೂ ಕುಗ್ಗುವುದು, ಹುಳಿ ತಗ್ಗಿದರೂ ಕುಗ್ಗುವುದು. ನಕ್ಷೆಯಲ್ಲಿ ಬರೆದರೆ ಬೋರಲು ಹಾಕಿದ ಗಂಟೆಯ ಆಕಾರ. ಇದರ ಅರ್ಥವಿಷ್ಟೆ: ಸುರುಳಿಯನ್ನು ಕಾಯುವವರು ಇಬ್ಬರು, ಒಬ್ಬನು ಋಣವಿದ್ಯುತ್ತಿನವನು, ಇನ್ನೊಬ್ಬನು ಧನವಿದ್ಯುತ್ತಿನವನು. ಹುಳಿ ಮಿತಿಮೀರಿದರೆ ಮೊದಲನೆಯವನು ನಿರಾಯುಧನಾಗುವನು. ಹುಳಿ ತೀರ ತಗ್ಗಿದರೆ ಎರಡನೆಯವನು ನಿರಾಯುಧನಾಗುವನು. ಇಬ್ಬರೂ ಸನ್ನದ್ಧರಾಗಿರುವುದು ನಡುವಣ ಹುಳಿಯಲ್ಲಿ ಮಾತ್ರ.

ಈ ಇಬ್ಬರು ಯಾರು? 1982ರಲ್ಲಿ ಬಾಲ್ಡ್ವಿನ್ನರ ತಂಡವು ಒಂಬತ್ತನೆಯ ಗ್ಲುಟಾಮಿಕ್ ಆಮ್ಲವೂ ಹನ್ನೆರಡನೆಯ ಹಿಸ್ಟಿಡೀನೂ ಕೈಹಿಡಿದುಕೊಂಡಿರಬೇಕೆಂದು ಊಹಿಸಿತು. ಬಳಿಕ ಅವರೇ ಒಂದೊಂದು ಮಣಿಯನ್ನು ಬದಲಿಸಿ ಹೊಸ ಹೊಸ ಸರಗಳನ್ನು ಕಟ್ಟಿ ನೋಡಿ, 1985ರಲ್ಲಿ ಆ ಊಹೆಯನ್ನು ತಿದ್ದಿದರು. ಋಣದ ಕಾವಲುಗಾರನು ಎರಡನೆಯ ಸ್ಥಾನದ ಗ್ಲುಟಾಮಿಕ್ ಆಮ್ಲ. ಧನದ ಕಾವಲುಗಾರನು ಹನ್ನೆರಡನೆಯ ಹಿಸ್ಟಿಡೀನೇ ಹೌದು. ಸುರುಳಿಗೆ ತಲೆಯ ಕಡೆಯಲ್ಲಿ ಸ್ವಲ್ಪ ಧನವಿದ್ಯುತ್ತಿನ ಛಾಯೆಯೂ ಬಾಲದ ಕಡೆಯಲ್ಲಿ ಸ್ವಲ್ಪ ಋಣವಿದ್ಯುತ್ತಿನ ಛಾಯೆಯೂ ಇರುವುದು. ಆದುದರಿಂದ ತಲೆಯ ಬಳಿ ಋಣದವನೂ ಬಾಲದ ಬಳಿ ಧನದವನೂ ನಿಂತರೆ ಸುರುಳಿಯು ನೆಮ್ಮದಿಯಾಗಿರುವುದು. ತಾವೇ ಪ್ರಕಟಿಸಿದ ಮತವನ್ನು ತಾವೇ ಪರೀಕ್ಷಿಸಿ ತಿದ್ದಿಕೊಳ್ಳುವ ಈ ಶೀಲವನ್ನು ವಿದ್ಯಾರ್ಥಿಗಳಾದ ನಮ್ಮ ಮಕ್ಕಳು ಗಮನಿಸತಕ್ಕದ್ದು.

ಇನ್ನೊಂದು ಮಾತು. ಸಿ-ಪೆಪ್ಟೈಡಿನ ಈ ಮಾರ್ಪಾಟು ಹೋಗಿಬರುವ ಮಾರ್ಪಾಟು. ನೀರನ್ನು ಮೊದಲಿನ ಹುಳಿಗೆ ತಂದರೆ ಸುರುಳಿಯೂ ಮೊದಲಿನಂತಾಗುವುದು. ಅರಿಶಿನದ ನೀರು ಕೆಂಪಾಗಿ ಮತ್ತೆ ಹಳದಿಯಾಗುವಂತೆ ಇದು, ಒಡೆದ ಹಾಲಿನಂತಲ್ಲ. ಹಾಲಿನಲ್ಲಿರುವ ಕೇಸೀನೆಂಬ ಪ್ರೋಟೀನಿಗೆ ಪಿ.ಎಚ್. 4.6ರ ಬಳಿ ಧನವೂ ಋಣವೂ ಸಮವಾಗಿ, ಪರಸ್ಪರ ನೂಕುವ ಬಲವು ಉಡುಗಿ, ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗುವುವು. ಒಮ್ಮೆ ಗಡ್ಡೆ ಕಟ್ಟಿದ ಮೇಲೆ ಹುಳಿಯನ್ನು ತೆಗೆದರೂ ಹಿಂದಿನ ಹಾಲು ಬಾರದು.

ರೋಗದ ಕೈಯಲ್ಲಿ ಹುಳಿ

ಈ ವಿದ್ಯೆಯನ್ನು ಮನುಷ್ಯನಿಗಿಂತ ಬಹು ಹಿಂದೆಯೇ ಕಲಿತು ಪ್ರಯೋಗಿಸಿದ್ದು ಇನ್‌ಫ್ಲುಯೆಂಜಾ ಜ್ವರದ ವಿಷಾಣು. 1918ರಲ್ಲಿ ಹಬ್ಬಿದ ಆ ಮಹಾಮಾರಿಯಿಂದ ನಮ್ಮ ದೇಶವೊಂದರಲ್ಲಿಯೇ ಒಂದು ಕೋಟಿಗೂ ಮೀರಿ ಜನರು ಮಡಿದರು. ಮೈಸೂರು ಸೀಮೆಯೂ ಅದಕ್ಕೆ ಹೊರತಾಗಲಿಲ್ಲ. ಈ ವಿಷಾಣುವು ಜೀವಕೋಶದ ಹೊರಪೊರೆಗೆ ಅಂಟಿದಾಗ ಕೋಶವು ಅದನ್ನು ಒಂದು ಪುಟ್ಟ ಚೀಲದಲ್ಲಿ ಸುತ್ತಿ ಒಳಗೆ ಎಳೆದುಕೊಳ್ಳುವುದು. ಅನಂತರ ಚೀಲದೊಳಗಣ ನೀರನ್ನು ಹುಳಿಮಾಡುತ್ತ ಬರುವುದು. ವಿಷಾಣುವು ಈ ಹುಳಿಗಾಗಿಯೇ ಕಾದಿರುವುದು. ಅದರ ಮೈಮೇಲಣ ಪ್ರೋಟೀನೊಂದರಲ್ಲಿ, ಹುಳಿಯಿಲ್ಲದಿದ್ದಾಗ ಕುಣಿಕೆಯಂತೆ ಮಡಿಸಿಕೊಂಡಿರುವ ಒಂದು ಭಾಗವುಂಟು. ಪಿ.ಎಚ್. ಸುಮಾರು 5ಕ್ಕಿಳಿದೊಡನೆ ಆ ಕುಣಿಕೆಯು ನೆಟ್ಟಗಾಗಿ ಸುರುಳಿಯಾಗುವುದು. ಅಡಗಿದ್ದ ಮೊನೆಯೊಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು ದೂರಕ್ಕೆ ಚಿಮ್ಮಿ ಚೀಲದ ಪೊರೆಗೆ ನಾಟಿಕೊಳ್ಳುವುದು. ಆ ಪೊರೆಯೂ ವಿಷಾಣುವಿನ ಪೊರೆಯೂ ಒಂದಾಗಿ, ರೋಗಬೀಜವು ಕೋಶದೊಳಕ್ಕೆ ಇಳಿಯುವುದು.

1993ರಲ್ಲಿ ಕಾರ್ ಮತ್ತು ಕಿಮ್ ಎಂಬ ವಿಜ್ಞಾನಿಗಳು ಈ ಕುಣಿಕೆಯನ್ನೊಳಗೊಂಡ 36 ಮಣಿಗಳ ಪೆಪ್ಟೈಡೊಂದನ್ನು ಪ್ರತ್ಯೇಕವಾಗಿ ಪರೀಕ್ಷಿಸಿ, ಅದು ಮೂರೆಳೆಯ ಹುರಿಯಂತೆ ಸುರುಳಿಗಟ್ಟುವ ಸ್ವಭಾವದ್ದೆಂದು ತೋರಿಸಿದರು. ಬಿಗಿದಿಟ್ಟ ಸ್ಪ್ರಿಂಗಿಗೆ ಅವರು ಇದನ್ನು ಹೋಲಿಸಿದರು. ಮರುವರ್ಷವೇ ಇಂಗ್ಲೆಂಡು ಅಮೆರಿಕಗಳ ವಿದ್ವಾಂಸರು ಕ್ಷಕಿರಣಗಳ ಸಹಾಯದಿಂದ ಆ ರೂಪವನ್ನು ಪ್ರತ್ಯಕ್ಷವಾಗಿ ಕಂಡರು. ಪುಟ್ಟ ಪೆಪ್ಟೈಡಿನ ಅಭ್ಯಾಸವು ಮಹಾರೋಗದ ಕೀಲಿಯನ್ನು ತೋರಿಸಿಕೊಟ್ಟಿತು. ಈ ಸ್ಪ್ರಿಂಗು ಒಮ್ಮೆ ಚಿಮ್ಮಿದರೆ ಮರಳಿ ಮಡಿಸಿಕೊಳ್ಳಲಾರದು. ಪೊರೆಯನ್ನು ಸೇರುವ ಮೊದಲೇ ಹುಳಿ ತಗುಲಿದರೆ ವಿಷಾಣುವಿನ ಅಸ್ತ್ರವು ವ್ಯರ್ಥ. ಹುಳಿ ತಿಂದರೆ ಜ್ವರ ಬರುವುದೆಂದಾಗಲಿ ಹೋಗುವುದೆಂದಾಗಲಿ ಯಾರೂ ಅರ್ಥಮಾಡಬಾರದು. ಇದು ಜೀವಕೋಶದ ಒಳಗೆ ನಡೆಯುವ ಹುಳಿಯೇ ಹೊರತು ನಮ್ಮ ತಟ್ಟೆಯ ಹುಳಿಯಲ್ಲ.

ಔಷಧದ ಕೈಯಲ್ಲಿ ಹುಳಿ

ಅದೇ ಶಕ್ತಿಯನ್ನು ವೈದ್ಯಶಾಸ್ತ್ರವು ಹಿತಕ್ಕಾಗಿ ಬಳಸಿಕೊಂಡಿದೆ. ಮಧುಮೇಹಕ್ಕೆ ಕೊಡುವ ಇನ್ಸುಲಿನ್ 51 ಮಣಿಗಳ ಒಂದು ಪುಟ್ಟ ರಚನೆ. ಅದರ ಒಂದು ಮಣಿಯನ್ನು ಬದಲಿಸಿ, ಆರ್ಜಿನೀನಿನ ಎರಡು ಮಣಿಗಳನ್ನು ಹೊಸದಾಗಿ ಸೇರಿಸಿ, ಗ್ಲಾರ್ಜಿನ್ ಎಂಬ ದೀರ್ಘಕಾಲದ ಇನ್ಸುಲಿನ್ನನ್ನು ಸಿದ್ಧಪಡಿಸಿದರು. 2000ದಲ್ಲಿ ಅದು ಬಳಕೆಗೆ ಬಂದಿತು. ಸೀಸೆಯಲ್ಲಿ ಪಿ.ಎಚ್. 4ರ ಹುಳಿಯಿರುವುದರಿಂದ ಅಣುಗಳು ಧನವಿದ್ಯುತ್ತನ್ನು ಹೊತ್ತು, ಒಂದನ್ನೊಂದು ನೂಕಿ, ತಿಳಿಯಾಗಿ ಕರಗಿರುವುವು. ಚರ್ಮದಡಿಗೆ ಚುಚ್ಚಿದಾಗ ದೇಹದ್ರವವು ಆ ಹುಳಿಯನ್ನು ಶಮನಮಾಡುವುದು. ಅಣುಗಳು ಒಟ್ಟುಗೂಡಿ ಅತಿಸೂಕ್ಷ್ಮವಾದ ಗಷ್ಟಾಗಿ ಅಲ್ಲಿಯೇ ನಿಂತು, ಸುಮಾರು ಒಂದು ದಿನವೆಲ್ಲ ಸ್ವಲ್ಪ ಸ್ವಲ್ಪವಾಗಿ ಕರಗಿ ರಕ್ತವನ್ನು ಸೇರುವುವು. ಇಲ್ಲಿ ಬದಲಾಗುವುದು ಬಿಡಿ ಅಣುವಿನ ಆಕಾರಕ್ಕಿಂತ ಹೆಚ್ಚಾಗಿ ಅಣುಗಳ ಕೂಡಿಕೆ; ಆದರೆ ಕಾರಣವು ಅದೇ, ಹುಳಿಯು ನಿರ್ಣಯಿಸುವ ವಿದ್ಯುತ್ತು. ಆದುದರಿಂದಲೇ ಈ ಔಷಧವನ್ನು ಬೇರೆ ಇನ್ಸುಲಿನ್ನಿನೊಡನೆ ಒಂದೇ ಪಿಚಕಾರಿಯಲ್ಲಿ ಬೆರೆಸಬಾರದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳುವರು. ಬೆರೆಸಿದರೆ ಹುಳಿಯ ಲೆಕ್ಕವು ಕೆಟ್ಟು ಔಷಧದ ನಡೆಯೂ ಕೆಡುವುದು. ಎರಡು ಬಾರಿ ಚುಚ್ಚಿಕೊಳ್ಳುವ ನೋವನ್ನು ಉಳಿಸೋಣವೆಂದು ಮನೆಯವರು ಸದಭಿಪ್ರಾಯದಿಂದಲೂ ಹಾಗೆ ಮಾಡಕೂಡದು.

ಹಾಗಾದರೆ ನಾವು ಕುಡಿಯುವ ನೀರನ್ನೇ ಕ್ಷಾರಮಾಡಿಕೊಂಡು ದೇಹದ ಅಣುಗಳನ್ನೆಲ್ಲ ತಿದ್ದಬಹುದಲ್ಲವೆ ಎಂದು ಕೆಲವರು ಕೇಳಿಯಾರು. ಕ್ಷಾರಜಲವೆಂದು ಹೆಸರಿಟ್ಟು ದುಬಾರಿಯಾದ ಸೀಸೆಗಳನ್ನೂ ಯಂತ್ರಗಳನ್ನೂ ಮಾರುವವರು ಈಗ ಇರುವರು. ಇದಕ್ಕೆ ಸಮಾಧಾನವು ನಮ್ಮ ಉದರದಲ್ಲಿಯೇ ಇದೆ. ಜಠರದ ರಸವು ಪಿ.ಎಚ್. 1.5ರಿಂದ 3ರವರೆಗಿನ ತೀಕ್ಷ್ಣವಾದ ಹುಳಿ. ಕುಡಿದ ನೀರಿನ ಅಲ್ಪ ಕ್ಷಾರವು ಅಲ್ಲಿಯೇ ಅಡಗುವುದು. ಅಲ್ಲಿ ಕೆಲಸಮಾಡುವ ಪೆಪ್ಸಿನ್ ಎಂಬ ಪಾಚಕವು ಆ ಹುಳಿಯಲ್ಲಿಯೇ ತನ್ನ ಸರಿಯಾದ ರೂಪದಲ್ಲಿದ್ದು ಪ್ರೋಟೀನುಗಳನ್ನು ಪೆಪ್ಟೈಡುಗಳಾಗಿ ತುಂಡರಿಸುವುದು. ಮುಂದೆ ಕರುಳಿನ ಕ್ಷಾರಕ್ಕೆ ಇಳಿದಾಗ ಅದರ ರೂಪವು ಕೆಟ್ಟು ಕೆಲಸವು ನಿಲ್ಲುವುದು. ಅಲ್ಲಿಂದ ಮುಂದಿನ ಕಾರ್ಯವನ್ನು ಕ್ಷಾರವೇ ಒಗ್ಗುವ ಟ್ರಿಪ್ಸಿನ್ ಮೊದಲಾದವು ವಹಿಸಿಕೊಳ್ಳುವುವು. ರಕ್ತದ ಹುಳಿಯನ್ನಂತೂ ಶ್ವಾಸಕೋಶಗಳೂ ಮೂತ್ರಪಿಂಡಗಳೂ ಹಗಲಿರುಳು ಕಾಯುತ್ತಿರುವುವು. ಆರೋಗ್ಯವಂತನ ರಕ್ತವನ್ನು ಒಂದು ಲೋಟ ನೀರು ಆ ಕಿರಿದಾದ ಮಿತಿಯಿಂದ ಕದಲಿಸಲಾರದು. ರೋಗದಿಂದ ಕದಲಿದರೆ ಅದನ್ನು ತಿದ್ದತಕ್ಕವರು ವೈದ್ಯರು, ಸೀಸೆಯ ವ್ಯಾಪಾರಿಗಳಲ್ಲ.

ಒಂದೊಂದು ಸ್ಥಾನಕ್ಕೆ ಒಂದೊಂದು ಹುಳಿ ವಿಹಿತವಾಗಿದೆ: ಜಠರಕ್ಕೆ ಒಂದು, ಕರುಳಿಗೆ ಒಂದು, ರಕ್ತಕ್ಕೆ ಒಂದು, ಜೀವಕೋಶದ ಚೀಲಕ್ಕೆ ಮತ್ತೊಂದು. ಆಯಾ ಹುಳಿಯಲ್ಲಿ ಆಯಾ ಅಣುವು ತಕ್ಕ ರೂಪವನ್ನು ತಾಳುವುದು, ರೂಪವಿದ್ದಂತೆ ಕಾರ್ಯ. ಹದಿಮೂರು ಮಣಿಗಳ ಒಂದು ತುಣುಕೂ ತನ್ನ ಸುತ್ತಲಿನ ನೀರಿನ ಗುಣವನ್ನರಿತು ನಡೆಯುವುದೆಂಬುದನ್ನು ತಿಳಿದವರಿಗೆ ದೇಹವೆಂಬ ಈ ಮಹಾಯಂತ್ರದಲ್ಲಿ ಗೌರವವು ಹೆಚ್ಚುವುದರಲ್ಲಿ ಸಂದೇಹವಿಲ್ಲ. ಆ ಗೌರವವು ಹಿತಮಿತವಾದ ಆಹಾರದಲ್ಲಿಯೂ, ವೈದ್ಯರ ಮಾತನ್ನು ಅಕ್ಷರಶಃ ಪಾಲಿಸುವುದರಲ್ಲಿಯೂ, ಆಡಂಬರದ ಜಾಹೀರಾತುಗಳಿಗೆ ಮರುಳಾಗದಿರುವ ವಿವೇಕದಲ್ಲಿಯೂ ಪರಿಣಮಿಸಿದರೆ ಈ ಲೇಖನದ ಶ್ರಮವು ಸಾರ್ಥಕವೆಂದು ಭಾವಿಸುವೆವು.